ಕಡಲತೀರದ ರಜೆ ಯಾರ ಸೊತ್ತು?

ರಜೆಗೆ ಸಮುದ್ರ ತೀರಕ್ಕೆ ಹೋಗುವುದೆಂದರೆ ದುಡ್ಡಿದ್ದವರ ಚಟ ಎಂಬ ಮಾತು ನಮ್ಮ ಗಿರಣಿ ಓಣಿಗಳಲ್ಲಿಯೂ ಪೇಟೆಯ ಕಟ್ಟೆಗಳಲ್ಲಿಯೂ ಬೇರೂರಿಬಿಟ್ಟಿದೆ. ಇದನ್ನು ಧಣಿಗಳು ಹೇಳಿದರೆ ನಮಗೆ ಅಚ್ಚರಿಯಿಲ್ಲ. ದುಡಿಯುವವರೇ ಹೇಳುತ್ತಿರುವುದು ವಿಷಾದದ ಸಂಗತಿ. ಚರಿತ್ರೆ ಹೇಳುವುದೇ ಬೇರೆ.

ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತದ ಹತ್ತಿ ಗಿರಣಿ ಊರುಗಳನ್ನು ನೋಡಿರಿ. ಬ್ಲ್ಯಾಕ್‌ಪೂಲ್ ಎಂಬ ಕಡಲೂರಿಗೆ 1846ರಲ್ಲಿ ರೈಲು ಬಂದಿತು. ಆಮೇಲೆ ಅದನ್ನು ದೊಡ್ಡ ಊರನ್ನಾಗಿ ಬೆಳೆಸಿದವರು ಜಹಗೀರುದಾರರಲ್ಲ, ನೂಲುವವರು ಮತ್ತು ನೇಯುವವರು. ಬೇಸಿಗೆಯಲ್ಲಿ ಒಂದೊಂದು ಗಿರಣಿ ಊರಿಗೆ ಒಂದೊಂದು ವಾರ ಗೊತ್ತಾಗಿತ್ತು. ಆ ವಾರ ಗಿರಣಿಗಳೆಲ್ಲ ಒಟ್ಟಿಗೆ ನಿಲ್ಲುತ್ತಿದ್ದವು. ಊರಿಗೆ ಊರೇ ರೈಲು ಹತ್ತುತ್ತಿತ್ತು. ಆ ವಾರಕ್ಕೆ ಕೂಲಿ ಇರಲಿಲ್ಲ. ವಾರವಾರವೂ ಚಿಲ್ಲರೆ ಕಾಸನ್ನು ಪೆಟ್ಟಿಗೆಗೆ ಹಾಕಿ, ವರ್ಷವಿಡೀ ಕೂಡಿಟ್ಟು ಹೋಗುತ್ತಿದ್ದರು. ಕೂಲಿ ಸಹಿತ ರಜೆಯ ಕಾಯಿದೆ ಅಲ್ಲಿ ಬಂದದ್ದು 1938ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 1936ರ ಜೂನಿನಲ್ಲಿ, ಫ್ರಾನ್ಸಿನ ಕಾರ್ಮಿಕರು ಕಾರ್ಖಾನೆಗಳೊಳಗೇ ಕುಳಿತು ಮುಷ್ಕರ ಹೂಡಿ ಎರಡು ವಾರದ ರಜೆಯನ್ನು ಕೂಲಿ ಸಮೇತ ಗೆದ್ದರು. ಅಲ್ಲಿನ ಸರ್ಕಾರದಲ್ಲಿ ವಿರಾಮದ ಖಾತೆ ಹೊತ್ತಿದ್ದ ಲಿಯೋ ಲಾಗ್ರಾಂಜ್ ರೈಲು ದರದಲ್ಲಿ ನೂರಕ್ಕೆ 40ರಷ್ಟು ಇಳಿಸಿದ ಟಿಕೇಟು ಕೊಡಿಸಿದರು. ಅನೇಕ ಕುಟುಂಬಗಳು ಮೊದಲ ಸಲ ಸಮುದ್ರ ಕಂಡದ್ದು ಆ ಬೇಸಿಗೆಯಲ್ಲಿ.

ನಮ್ಮಲ್ಲಿ 1948ರ ಕಾರ್ಖಾನೆ ಕಾಯಿದೆಯು ವರ್ಷಕ್ಕೆ 240 ದಿನ ದುಡಿದವನಿಗೆ, 20 ದಿನದ ದುಡಿಮೆಗೆ ಒಂದರಂತೆ, ಕೂಲಿ ಸಹಿತ ರಜೆ ಕೊಟ್ಟಿತು. 2020ರ ಸಂಹಿತೆಯು ಆ 240ನ್ನು 180ಕ್ಕೆ ಇಳಿಸಿತು. ಕಾಗದದ ಮೇಲೆ ಕೊರತೆಯಿಲ್ಲ. ಆದರೆ ಆ ರಜೆ ಹೋಗುವುದೆಲ್ಲಿಗೆ? ಮದುವೆಗೆ, ಮರಣಕ್ಕೆ, ಆಸ್ಪತ್ರೆಗೆ, ಕೋರ್ಟಿಗೆ. ಉಳಿದದ್ದನ್ನು ಹಣಕ್ಕೆ ಬಿಟ್ಟುಕೊಡುತ್ತೇವೆ. ಬರಿಯ ವಿಶ್ರಾಂತಿಗೆಂದು ಒಂದು ದಿನವೂ ಉಳಿಯುವುದಿಲ್ಲ. ಸಣ್ಣ ವ್ಯಾಪಾರಿಯ ಪಾಡು ಇನ್ನೂ ಕಷ್ಟ: ಅವನಿಗೆ ರಜಾ ಮಂಜೂರು ಮಾಡುವ ಧಣಿಯೇ ಇಲ್ಲ. ಎದುರಿನ ಅಂಗಡಿ ತೆರೆದಿರುವಾಗ ತನ್ನದನ್ನು ಮುಚ್ಚಿದರೆ ಗಿರಾಕಿ ಅತ್ತ ಹೋದಾನೆಂಬ ಭಯ.

ಹೋಗಿ ಮಾಡುವುದೇನು ಎಂದು ಕೇಳುವವರಿದ್ದಾರೆ. ಹುಬ್ಬಳ್ಳಿಯಿಂದ ಯಲ್ಲಾಪುರದ ಮೇಲೆ ಅರಬೈಲು ಘಟ್ಟ ಇಳಿದರೆ ಅಂಕೋಲೆ. ಅಲ್ಲಿಂದ ದಕ್ಷಿಣಕ್ಕೆ ಗೋಕರ್ಣ, ಕುಮಟೆ, ಹೊನ್ನಾವರ. ಮೊದಲನೆಯ ದಿನ ಏನೂ ಮಾಡಬೇಡಿರಿ, ನಿದ್ದೆ ಮಾಡಿರಿ. ಸೈರನ್ನಿಗೆ ಬೆಚ್ಚಿ ಏಳುವ ದೇಹಕ್ಕೆ ಅದೇ ಔಷಧ. ಸಮುದ್ರಕ್ಕೂ ಪಾಳಿಯುಂಟು: ದಿನಕ್ಕೆ ಎರಡು ಭರತ, ಎರಡು ಇಳಿತ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ತಡವಾಯಿತೆಂದು ಯಾರೂ ಅದರ ಕೂಲಿ ಕತ್ತರಿಸುವುದಿಲ್ಲ! ಇಳಿತದ ಹೊತ್ತು ನೋಡಿ ಹೆಂಡತಿ ಮಕ್ಕಳೊಡನೆ ಮರಳ ಮೇಲೆ ನಡೆಯಿರಿ. ಈಜು ಬಾರದವರು ಮೊಳಕಾಲಿಗಿಂತ ಆಳಕ್ಕೆ ಹೋಗಬಾರದು. ಮಳೆಗಾಲದಲ್ಲಿ ಯಾರೂ ನೀರಿಗಿಳಿಯಬಾರದು.

ದೋಣಿಗಳು ದಡ ಸೇರುವ ಹೊತ್ತಿಗೆ ಮೀನುಗಾರರ ಬಳಿ ಕುಳಿತು ಮಾತನಾಡಿರಿ. ಹತ್ತಾರು ಜನ ಕೂಡಿ ಎಳೆದು ಪಾಲು ಹಂಚಿಕೊಳ್ಳುತ್ತಿದ್ದ ರಂಪಣಿ ಬಲೆಯ ಬದುಕನ್ನು 1970ರ ದಶಕದ ಕೊನೆಯಿಂದ ಯಂತ್ರದೋಣಿಗಳ ಪರ್ಸೀನ್ ಬಲೆ ಮುರಿಯಿತು. ಕೈಮಗ್ಗದ ಗತಿ ಬಲ್ಲ ನಮಗೆ ಆ ಕಥೆ ಅಪರಿಚಿತವಲ್ಲ. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಉಪ್ಪಿನಾಗರಗಳಿವೆ. ಬೇಸಿಗೆಯಲ್ಲಿ ಹೋದರೆ ನಮ್ಮ ಊಟದ ಉಪ್ಪಿನ ಹಿಂದೆ ಎಷ್ಟು ಬೆವರಿದೆಯೆಂದು ಕಾಣಬಹುದು. ಅಂಕೋಲೆಯಂತೂ 1930ರ ಏಪ್ರಿಲ್‌ನಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ನೆಲ. ಮಕ್ಕಳಿಗೆ ಪಾಠ ಹೇಳಲು ಇದಕ್ಕಿಂತ ಒಳ್ಳೆಯ ಶಾಲೆ ಯಾವುದು?

ಇನ್ನೊಂದು ಮಾತು. ವಿಲಾಸಿ ವಸತಿಗೃಹಗಳು ತೀರವನ್ನೇ ತಮ್ಮ ಅಂಗಳ ಮಾಡಿಕೊಳ್ಳುವ ಕಾಲವಿದು. 1991ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ಅಂಥ ಎರಡು ವಸತಿಗೃಹಗಳ ನಡುವೆ ಜನರು ಕಡಲಿಗೆ ಹೋಗಲು ಕನಿಷ್ಠ 20 ಮೀಟರು ತೆರವು ಬಿಡಬೇಕೆಂದು ವಿಧಿಸಿತು. ಆದರೆ ಜನ ನಡೆಯದ ದಾರಿಗೆ ಬೇಲಿ ಬೀಳಲು ಎಷ್ಟು ದಿನ ಬೇಕು? ನಾವು ಹೋಗುವುದೂ ಆ ದಾರಿಯನ್ನು ಕಾಯುವ ಕೆಲಸವೇ.

ಆದ್ದರಿಂದ ನಮ್ಮ ಸೂಚನೆ ಇಷ್ಟೆ: ಒಂದು ಊರಿಗೆ ಒಂದು ವಾರ. ಗಿರಣಿಯ ಯೂನಿಯನ್ನೂ ಪೇಟೆಯ ವರ್ತಕರೂ ಕೂಡಿ ಕುಳಿತು, ದೀಪಾವಳಿಯ ನಂತರವೋ ಮಳೆಗೆ ಮುಂಚೆಯೋ, ಒಂದೇ ವಾರವನ್ನು ಗೊತ್ತುಮಾಡಲಿ. ಎಲ್ಲ ಅಂಗಡಿಗಳೂ ಮುಚ್ಚಿದರೆ ಗಿರಾಕಿ ಯಾರ ಬಳಿಗೂ ಓಡುವುದಿಲ್ಲ. ವಾರದ ರಜಾ ನಿಂತಿರುವುದೂ ಇದೇ ಲೆಕ್ಕದ ಮೇಲೆ. ಔಷಧಿ, ಹಾಲಿನವರಿಗೆ ಸರದಿ ಇಡಬಹುದು. ಉತ್ಪಾದನೆ ಕುಂದುವುದೆಂದು ಧಣಿಗಳು ಗೋಳಾಡಿದರೆ, ಲ್ಯಾಂಕಾಷೈರಿನಲ್ಲಿ ಬಾಯ್ಲರು, ಯಂತ್ರಗಳ ದುರಸ್ತಿ ಆ ವಾರದಲ್ಲಿಯೇ ನಡೆಯುತ್ತಿತ್ತೆಂದು ಉತ್ತರ ಕೊಡೋಣ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳನ್ನು ನಿಲ್ಲಿಸಿ ಮೀನಿಗೂ 61 ದಿನ ಬಿಡುವು ಕೊಡುವ ದೇಶವಿದು. ಮನುಷ್ಯನಿಗೆ ಒಂದು ವಾರ ಕೇಳುವುದು ಹೆಚ್ಚಾಯಿತೆ?

ಪೆಟ್ಟಿಗೆಯನ್ನು ಈ ಸಂಬಳದ ದಿನದಿಂದಲೇ ಇಡೋಣ.