ಮಾಳಿಗೆಯ ನೀರೂ ತಾರೆಯ ಬೆಳಕೂ

ದೂರದರ್ಶಕಕ್ಕೆ ಜೋಡಿಸಲು ಕ್ಯಾಮೆರಾ ಕೊಳ್ಳಹೊರಟ ಗೃಹಸ್ಥನು ಮೊದಲು ಪಿಕ್ಸೆಲ್ಲುಗಳ ಸಂಖ್ಯೆಯನ್ನೇ ವಿಚಾರಿಸುವನು. ಸಂಖ್ಯೆಯು ಹೆಚ್ಚಿದಷ್ಟೂ ಚಿತ್ರವು ಉತ್ತಮವೆಂಬದು ಪೂರ್ಣ ಸತ್ಯವಲ್ಲ. ಪಿಕ್ಸೆಲ್ಲೆಂದರೆ ಬೆಳಕನ್ನು ಹಿಡಿಯುವ ಅತಿ ಸಣ್ಣ ಪಾತ್ರೆಯೆಂದು ತಿಳಿಯಬೇಕು.

ಮುಂಡರಗಿ, ಶಿರಹಟ್ಟಿಗಳ ಕಡೆಗೆ ಮಳೆಯ ಬೆಲೆಯನ್ನು ಬಲ್ಲವರು ಮಾಳಿಗೆಯ ನೀರು ಬೀಳುವಲ್ಲಿ ಕೊಡ, ಕೊಪ್ಪರಿಗೆಗಳನ್ನಿಡುವದನ್ನು ನಾವು ಕಂಡಿದ್ದೇವೆ. ಒಟ್ಟು ನೀರನ್ನು ನಿರ್ಣಯಿಸುವದು ಮಾಳಿಗೆಯ ವಿಸ್ತಾರವೇ ಹೊರತು ಪಾತ್ರೆಗಳಲ್ಲ. ಅದರಂತೆ ತಾರೆಯ ಬೆಳಕನ್ನು ಕೂಡಿಸುವದು ದೂರದರ್ಶಕದ ಕನ್ನಡಿ. ಪಿಕ್ಸೆಲ್ಲುಗಳು ಅದನ್ನು ಹಂಚಿಕೊಳ್ಳುವವು. ಪಿಕ್ಸೆಲ್ಲಿನ ಭುಜವು ಇಮ್ಮಡಿಯಾದರೆ ಕ್ಷೇತ್ರವು ನಾಲ್ಮಡಿಯಾಗುವದು. ಅದರ ಪಾಲಿಗೆ ಬರುವ ಆಕಾಶದ ಬೆಳಕೂ ನಾಲ್ಮಡಿ. ಒಂದೊಂದು ಪಿಕ್ಸೆಲ್ಲನ್ನು ಓದುವಾಗಲೂ ಯಂತ್ರವು ತನ್ನದೊಂದಿಷ್ಟು ಕಲ್ಮಷವನ್ನು ಬೆರೆಸುವದು. ಮಸುಕಾದ ಬೆಳಕನ್ನು ನೂರು ಬಟ್ಟಲುಗಳಿಗೆ ಹಂಚಿದರೆ ಅದು ಆ ಕಲ್ಮಷದಲ್ಲಿಯೇ ಅಡಗಿಹೋಗುವದು. ಆದರೆ ಪಾತ್ರೆಯು ಅತಿ ದೊಡ್ಡದಾದರೆ ಹತ್ತಿರದ ಎರಡು ತಾರೆಗಳು ಒಂದರಲ್ಲಿಯೇ ಬಿದ್ದು ಬೇರ್ಪಡಲಾರವು.

ಲಡಾಖದ ಹಾನ್ಲೆಯಲ್ಲಿ 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವುಂಟು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಅದನ್ನು ಹೊಸಕೋಟೆಯಿಂದಲೇ ನಡೆಸುವರು. ಅದಕ್ಕೆ ಅಳವಡಿಸಿದ ಒಂದು ಕ್ಯಾಮೆರಾದಲ್ಲಿ ಪಿಕ್ಸೆಲ್ಲಿನ ಭುಜ 15 ಮೈಕ್ರಾನ್. ಒಂದೊಂದೂ ಆಕಾಶದ ಸುಮಾರು 0.3 ವಿಕಲೆಯನ್ನು ನೋಡುವದು. ವಿಕಲೆಯೆಂದರೆ ಒಂದು ಅಂಶದ 3600ನೆಯ ಪಾಲು. ಗಾಳಿಯ ಅಲುಗಾಟದಿಂದ ತಾರೆಯ ಬಿಂಬವು ಸಾಮಾನ್ಯವಾಗಿ ಒಂದೆರಡು ವಿಕಲೆ ಹರಡುವದರಿಂದ, ಇದಕ್ಕಿಂತ ಬಹಳ ಸಣ್ಣ ಪಿಕ್ಸೆಲ್ಲಿನಿಂದ ಹೆಚ್ಚಿನ ವಿವರವೇನೂ ದೊರೆಯದು.

ಆದ್ದರಿಂದ ವಾಚಕರೇ, ಮಕ್ಕಳಿಗಾಗಿ ಹಣವನ್ನು ವೆಚ್ಚ ಮಾಡುವ ಮೊದಲು ಕನ್ನಡಿಯ ವ್ಯಾಸವನ್ನೂ ಪಿಕ್ಸೆಲ್ಲಿನ ಅಳತೆಯನ್ನೂ ಕೇಳಿರಿ. ಬಿಂಬದ ಅಗಲಕ್ಕೆ ಎರಡು ಮೂರು ಪಿಕ್ಸೆಲ್ಲುಗಳು ಬಂದರೆ ಹೊಂದಿಕೆಯು ಸರಿಯೆನ್ನಬಹುದು.