ಕೈಲಿ ತಿರುಗಿಸಿ ನೋಡಿದ್ಯಾ?

ಕಳೆದ ತಿಂಗಳು ಒಂದು ಶುಕ್ರವಾರ ರಾತ್ರಿ ಹನ್ನೊಂದೂವರೆ. ನನ್ನ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಕೂತಿದ್ದೆ, ಅಳೋದೊಂದು ಬಾಕಿ. ಮುಂದೆ ಹಲಸಿನ ಹಲಗೆ. ಅದರ ಮೇಲೆ ‘ನೆರ’ ಅನ್ನೋ ಎರಡು ಅಕ್ಷರ ಅಚ್ಚುಕಟ್ಟಾಗಿ ಬಂದಿದ್ದವು. ಮೂರನೆಯ ‘ಳು’ ಮಾತ್ರ ಅರ್ಧದಲ್ಲೇ ಎಡಕ್ಕೆ ಜಾರಿ ‘ರ’ದ ಮೇಲೆ ಹತ್ತಿ ಕೂತಿತ್ತು.

ತಿಪಟೂರಿನಲ್ಲಿ ಅಪ್ಪ ಕಟ್ಟಿಸಿದ ಮನೆಗೆ ‘ನೆರಳು’ ಅಂತ ಹೆಸರು. ಗೃಹಪ್ರವೇಶಕ್ಕೆ ಉಳಿದಿದ್ದು ಒಂಬತ್ತು ದಿನ. ಸೈಟಿನಲ್ಲಿದ್ದ ಹಲಸಿನ ಮರ ಕಡಿಸಿದಾಗ ನಾನು ಎತ್ತಿಟ್ಟುಕೊಂಡಿದ್ದು ಎರಡೇ ಹಲಗೆ. ಒಂದು ಹಾಳಾಯ್ತು.

ನನ್ನ ಹತ್ತಿರ ಇರೋದು ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡ 3018 ಅನ್ನೋ ಪುಟಾಣಿ ಸಿಎನ್‌ಸಿ ಮೆಷಿನ್. 30 ಸೆಂಟಿಮೀಟರ್ ಅಗಲ, 18 ಸೆಂಟಿಮೀಟರ್ ಉದ್ದದ ಜಾಗದಲ್ಲಿ ಮರ ಕೊರೆಯುತ್ತೆ. ಒಂದು ಆರ್ಡುಯಿನೊ, ಅದರೊಳಗೆ ಜಿಆರ್‌ಬಿಎಲ್ ಅನ್ನೋ ಸಾಫ್ಟ್‌ವೇರ್, ಮೇಲೊಂದು ಶೀಲ್ಡ್, ಮೂರು ಎ4988 ಡ್ರೈವರ್, ಮೂರು ಸ್ಟೆಪ್ಪರ್ ಮೋಟಾರ್. ಇಷ್ಟೇ.

ಸ್ಟೆಪ್ಪರ್ ಮೋಟಾರ್‌ದು ಒಂದು ವಿಚಿತ್ರ ಗುಣ. ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತೆ, ಹೆಜ್ಜೆಗೆ 1.8 ಡಿಗ್ರಿ. ಆರ್ಡುಯಿನೊ ‘ನೂರು ಹೆಜ್ಜೆ ಹೋಗು’ ಅಂತ ಹೇಳುತ್ತೆ, ಆದರೆ ಹೋಯ್ತಾ ಅಂತ ತಿರುಗಿ ಕೇಳಲ್ಲ. ದಾರಿಯಲ್ಲಿ ಸಿಕ್ಕಿಹಾಕಿಕೊಂಡು ನಲವತ್ತೇ ಹೆಜ್ಜೆ ಹೋದರೂ, ಪೂರ್ತಿ ನೂರು ಹೋಗಿದೆ ಅಂತಲೇ ನಂಬಿ ಮುಂದಿನ ಕೆಲಸಕ್ಕೆ ಹೊರಡುತ್ತೆ. ಅಲ್ಲಿಂದಾಚೆಗೆ ಕೊರೆದದ್ದೆಲ್ಲ ಪಕ್ಕಕ್ಕೆ. ನನ್ನ ‘ಳು’ಗೆ ಆಗಿದ್ದು ಇದೇ. ಎಕ್ಸ್ ಆಕ್ಸಿಸ್ ಬಲಗಡೆ ಕೊನೆಯ ಹತ್ತಿರ ಹೋಗಿ ‘ಗ್ರ್‌ರ್’ ಅಂತ ನಿಂತುಬಿಡೋದು.

ನಾನು ವೃತ್ತಿಯಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಹಾಗಾಗಿ ಮೊದಲು ಕೈ ಹಾಕಿದ್ದೇ ಸೆಟ್ಟಿಂಗ್‌ಗೆ. ಜಿಆರ್‌ಬಿಎಲ್‌ನಲ್ಲಿ ಎಕ್ಸ್ ಆಕ್ಸಿಸ್‌ನ ಗರಿಷ್ಠ ವೇಗ $110, ಆಕ್ಸಿಲರೇಷನ್ $120. ಸ್ಟೆಪ್ಪರ್‌ಗೆ ವೇಗ ಹೆಚ್ಚಿದಷ್ಟೂ ಬಲ ಕಡಿಮೆ. ಅದಕ್ಕೇ ವೇಗವನ್ನು ಅರ್ಧಕ್ಕೆ ಇಳಿಸಿದೆ. ಒಂದು ಹಳೇ ಪ್ಲೈವುಡ್ ತುಂಡಿನ ಮೇಲೆ ಎರಡು ಸಲ ಚೆನ್ನಾಗಿ ಓಡಿತು. ಗೆದ್ದೆ ಅಂದುಕೊಂಡೆ. ಮೂರನೇ ಸಲ ಅದೇ ಜಾಗದಲ್ಲಿ ‘ಗ್ರ್‌ರ್’.

ಶನಿವಾರ ಬೆಳಗ್ಗೆ ಡ್ರೈವರ್ ಹಿಂದೆ ಬಿದ್ದೆ. ಎ4988ರ ಮೇಲೆ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ತಿರುಪು ಇರುತ್ತೆ. ಮೋಟಾರ್‌ಗೆ ಎಷ್ಟು ಕರೆಂಟ್ ಹೋಗಬೇಕು ಅನ್ನೋದನ್ನ ಅದು ತೀರ್ಮಾನಿಸುತ್ತೆ. ನನ್ನ ಬೋರ್ಡಿನಲ್ಲಿರೋದು 0.1 ಓಮ್ ರೆಸಿಸ್ಟರ್. ಅದಕ್ಕೆ ಲೆಕ್ಕ ಸುಲಭ: 1 ಆಂಪ್ ಬೇಕಾದರೆ ತಿರುಪಿನ ಹತ್ತಿರ ಮಲ್ಟಿಮೀಟರ್ 0.8 ವೋಲ್ಟ್ ತೋರಿಸಬೇಕು. ಇದ್ದಿದ್ದು 0.56, ಅಂದ್ರೆ 0.7 ಆಂಪ್. ಕಡಿಮೆ ಇದೆ ಅಂತ ಒಂದೇ ಏಟಿಗೆ 1 ವೋಲ್ಟ್‌ಗೆ ಏರಿಸಿದೆ.

ಆಮೇಲೆ ಶುರುವಾಯ್ತು ನಿಜವಾದ ತಲೆನೋವು. ಮೊದಲು ಒಂದೇ ಜಾಗದಲ್ಲಿ ನಿಲ್ಲುತ್ತಿದ್ದ ಮೆಷಿನ್ ಈಗ ಐದಾರು ನಿಮಿಷ ಓಡಿ ಎಲ್ಲೆಂದರಲ್ಲಿ ನಿಲ್ಲತೊಡಗಿತು. ಡ್ರೈವರ್ ಮುಟ್ಟಿದರೆ ಬೆರಳು ಚುರ್ ಅಂತು. ಎ4988 ವಿಪರೀತ ಬಿಸಿಯಾದರೆ ತನ್ನನ್ನು ಕಾಪಾಡಿಕೊಳ್ಳೋಕೆ ತಾನೇ ಆಫ್ ಆಗುತ್ತೆ, ತಣ್ಣಗಾದ ಮೇಲೆ ಮತ್ತೆ ಎದ್ದೇಳುತ್ತೆ. ಒಂದು ಸಮಸ್ಯೆ ಇತ್ತು, ನಾನು ಎರಡು ಮಾಡಿದ್ದೆ.

ಅಷ್ಟೊತ್ತಿಗೆ ಅಮ್ಮನ ಫೋನ್. ನನ್ನ ದನಿ ಕೇಳಿ, ‘ತಾಳು, ನಿಮ್ಮಪ್ಪಂಗೆ ಕೊಡ್ತೀನಿ’ ಅಂದ್ರು.

ಅಪ್ಪ ಮೂವತ್ತು ವರ್ಷದ ಮೇಲೆ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಅಂಗಡಿ ನಡೆಸಿದವರು. ಹೋದ ವರ್ಷ ಕೈ ನಡುಗೋಕೆ ಶುರುವಾಗಿ ಅಂಗಡಿ ಮುಚ್ಚಿದರು. ಅವತ್ತಿಂದ ಮಾತೇ ಕಡಿಮೆ. ಫೋನ್ ಮಾಡಿದರೆ ‘ಊಟ ಆಯ್ತಾ’ ಅಂತ ಕೇಳಿ ಅಮ್ಮನ ಕೈಗೆ ಕೊಟ್ಟುಬಿಡೋರು. ನಾನೂ ಮೆಷಿನ್ ವಿಷಯ ಅವರ ಹತ್ತಿರ ಎತ್ತುತ್ತಿರಲಿಲ್ಲ. ನೋವಾಗುತ್ತೇನೋ ಅಂತ.

ಅವತ್ತು ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

‘ಕರೆಂಟ್ ತೆಗ್ದು ಕೈಲಿ ತಿರುಗ್ಸಿ ನೋಡಿದ್ಯಾ?’

‘ಇಲ್ಲಪ್ಪ. ಇದು ಪಂಪ್‌ಸೆಟ್ ಥರ ಅಲ್ಲ, ಇದರೊಳಗೆ ಸಾಫ್ಟ್‌ವೇರ್ ಇದೆ.’

‘ಇರ್ಲಿ ಪುಟ್ಟಿ. ತಿರುಗೋದು ಕಬ್ಬಿಣ ತಾನೇ?’

ಪ್ಲಗ್ ತೆಗೆದೆ. ಲೀಡ್ ಸ್ಕ್ರೂ ಹಿಡಿದು ನಿಧಾನವಾಗಿ ತಿರುಗಿಸಿದೆ. ಎಡಗಡೆ ಬೆಣ್ಣೆ. ನಡುವೆಯೂ ಬೆಣ್ಣೆ. ಬಲಗಡೆ ಮೋಟಾರ್ ಹತ್ತಿರ ಬರುತ್ತಿದ್ದ ಹಾಗೆ ಬೆರಳಿಗೆ ಬಿಗಿ ಗೊತ್ತಾಯ್ತು. ಕೊನೆಯ ಮೂರು ಸೆಂಟಿಮೀಟರ್ ತಿರುಗಿಸೋಕೇ ಆಗ್ತಿಲ್ಲ.

ಅಪ್ಪ ಅಂದರು: ‘ಸುಟ್ಟ ಮೋಟಾರ್ ತರೋರು. ವೈಂಡಿಂಗ್ ಮಾಡ್ಕೊಟ್ರೆ ವಾರಕ್ಕೆ ಮತ್ತೆ ಸುಟ್ಕೊಂಡು ಬರೋದು. ನೋಡಿದ್ರೆ ಬೇರಿಂಗ್ ಹಿಡ್ಕೊಂಡಿರೋದು. ಸುಟ್ಟಿದ್ದು ಕಣ್ಣಿಗೆ ಕಾಣುತ್ತೆ, ಹಿಡಿದಿದ್ದು ಕೈಗೇ ಗೊತ್ತಾಗ್ಬೇಕು.’

ಆಗಿದ್ದಿಷ್ಟು. ಸ್ಕ್ರೂ ಮೇಲೆ ಓಡಾಡೋ ಹಿತ್ತಾಳೆ ನಟ್ಟು, ಸ್ಕ್ರೂವಿನ ನೇರಕ್ಕೆ ಸರಿಯಾಗಿ ಕೂತಿರಲಿಲ್ಲ. ನಡುವೆ ಇದ್ದಾಗ ಉದ್ದನೆಯ ಸ್ಕ್ರೂ ಸ್ವಲ್ಪ ಬಾಗಿ ಹೊಂದಿಕೊಳ್ಳುತ್ತೆ. ತುದಿಗೆ ಬಂದಾಗ ಬಾಗೋಕೆ ಜಾಗ ಇಲ್ಲ, ಹಿಡಿದುಕೊಳ್ಳುತ್ತೆ. ಅಪ್ಪ ಫೋನಲ್ಲೇ ಹೇಳಿದ ಹಾಗೆ ನಟ್ಟಿನ ತಿರುಪುಗಳನ್ನ ಸಡಿಲ ಮಾಡಿದೆ. ಗಾಡಿಯನ್ನ ಮೋಟಾರ್ ಹತ್ತಿರಕ್ಕೇ ತಂದು, ನಟ್ಟು ತನ್ನ ಜಾಗ ತಾನೇ ಹುಡುಕಿಕೊಳ್ಳಲಿ ಅಂತ ಬಿಟ್ಟು, ಅಲ್ಲೇ ಬಿಗಿ ಮಾಡಿದೆ. ಆಮೇಲೆ ಈ ತುದಿಯಿಂದ ಆ ತುದಿಗೆ ಬೆರಳಲ್ಲೇ ತಿರುಗಿತು. ಡ್ರೈವರ್‌ನ 0.8 ವೋಲ್ಟ್‌ಗೆ ಇಳಿಸಿ, ಒಂದು ಹೀಟ್‌ಸಿಂಕ್ ಅಂಟಿಸಿದೆ.

ನಿಮ್ಮ ಮೆಷಿನ್‌ಗೂ ಹೀಗೇ ಆದರೆ ಈ ಕ್ರಮದಲ್ಲಿ ನೋಡಿ. ಯಾವಾಗಲೂ ಒಂದೇ ಜಾಗದಲ್ಲಿ ನಿಂತರೆ ಮೊದಲು ಕಬ್ಬಿಣ ನೋಡಿ: ನಟ್ಟು, ರಾಡು, ನಡುವೆ ಸಿಕ್ಕಿರೋ ಮರದ ಪುಡಿ. ಬಿಸಿಯಾದ ಮೇಲೆ ಎಲ್ಲೆಂದರಲ್ಲಿ ನಿಂತರೆ ಡ್ರೈವರ್. ಮೋಟಾರ್ ತಿರುಗಿಯೂ ಗಾಡಿ ಕದಲದಿದ್ದರೆ ಕಪ್ಲರ್‌ನ ತಿರುಪು ಸಡಿಲ. ಮೋಟಾರ್ ಬರೀ ನಡುಗಿ ಗುಂಯ್ ಅಂತಿದ್ದರೆ ನಾಲ್ಕು ತಂತಿಯಲ್ಲಿ ಒಂದು ಬಿಟ್ಟಿರಬಹುದು. ವೇಗವಾಗಿ ಹೋದಾಗ ಮಾತ್ರ ನಿಂತರೆ ಆಗ ಸೆಟ್ಟಿಂಗ್‌ಗೆ ಬನ್ನಿ. ಅನುಮಾನ ಇದ್ದರೆ ಎಕ್ಸ್ ಮತ್ತು ವೈ ಮೋಟಾರ್‌ಗಳ ತಂತಿ ಅದಲುಬದಲು ಮಾಡಿ. ತೊಂದರೆ ಮೋಟಾರ್ ಜೊತೆ ಹೋಯ್ತಾ, ಡ್ರೈವರ್ ಹತ್ತಿರವೇ ಉಳೀತಾ ಅಂತ ಗೊತ್ತಾಗುತ್ತೆ. ಆದರೆ ಪವರ್ ಇರುವಾಗ ಮೋಟಾರ್ ತಂತಿ ಕೀಳಬೇಡಿ, ಡ್ರೈವರ್ ಸುಟ್ಟುಹೋಗುತ್ತೆ. ಮತ್ತೆ, ಒಂದು ಸಲಕ್ಕೆ ಒಂದೇ ಬದಲಾವಣೆ.

ಎರಡನೇ ಹಲಗೆ ಇಡೋ ಮೊದಲು ಬೆಡ್ ಮೇಲೆ ಪೆನ್ಸಿಲ್ ಗೆರೆ ಹಾಕಿ, ಬಿಟ್ ಮೇಲೆತ್ತಿ, ಮೆಷಿನ್‌ನ ಗಾಳಿಯಲ್ಲೇ ಇಪ್ಪತ್ತು ಸಲ ಆಚೀಚೆ ಓಡಿಸಿದೆ. ಇಪ್ಪತ್ತನೇ ಸಲವೂ ಅದೇ ಗೆರೆಗೆ ಬಂದು ನಿಂತಿತು. ಭಾನುವಾರ ಕೊರೆದೆ. ಅಪ್ಪ ವಿಡಿಯೋ ಕಾಲ್‌ನಲ್ಲಿ ಒಂದೂವರೆ ಗಂಟೆ ಕೂತು ನೋಡಿದರು.

ಗೃಹಪ್ರವೇಶದ ದಿನ ಬಂದವರಿಗೆಲ್ಲ ಹಲಗೆ ತೋರಿಸಿ ‘ಮಗಳು ಮಾಡಿದ್ದು’ ಅಂತಿದ್ದರು. ನಾನು ಪ್ರತಿ ಸಲವೂ ‘ಕೊನೇ ಅಕ್ಷರ ಮಾತ್ರ ಅಪ್ಪಂದು’ ಅಂತ ಸೇರಿಸಿದೆ. ಈಗ ಭಾನುವಾರ ಬೆಳಗ್ಗೆ ಅವರೇ ಫೋನ್ ಮಾಡ್ತಾರೆ. ಊಟದ ವಿಷಯ ಆಮೇಲೆ. ಮೊದಲ ಪ್ರಶ್ನೆ, ‘ಇವತ್ತು ಏನ್ ಬಿಚ್ಚಿದ್ದೀಯಾ?’