ಬೋರ್‌ವೆಲ್ ಹೇಳುವ ತೈಲದ ಲೆಕ್ಕ

'ಪೆಟ್ರೋಲ್ ಮುಗಿಯೋದೇ ಇಲ್ಲ ಮಾರಾಯ, ಭೂಮಿ ಒಳಗೆ ತಯಾರಾಗ್ತಾನೇ ಇರುತ್ತೆ!' ಈ ಮಾತು ನೀವೂ ಕೇಳಿರ್ತೀರಿ. ಬರೀ ಹರಟೆ ಅಂತ ತಳ್ಳಿಹಾಕಬೇಡಿ. ಇದರ ಹಿಂದೆ ದೊಡ್ಡ ಹೆಸರುಗಳೇ ಇವೆ.

ನಾವು ಶಾಲೆಯಲ್ಲಿ ಓದಿದ್ದು ಬೇರೆ. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ಪಾಚಿ, ಸೂಕ್ಷ್ಮಜೀವಿಗಳು ಕೆಸರಿನಡಿ ಹೂತುಹೋಗಿ, ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ಎಣ್ಣೆಯಾದವು. (ಡೈನೋಸಾರ್ ಅಲ್ಲ, ಗೊತ್ತಿರಲಿ.) 1930ರ ದಶಕದಲ್ಲಿ ಜರ್ಮನಿಯ ಆಲ್‌ಫ್ರೆಡ್ ಟ್ರೈಬ್ಸ್ ಇದಕ್ಕೆ ಗಟ್ಟಿ ಪುರಾವೆ ಕೊಟ್ಟರು. ಎಲೆಗೆ ಹಸಿರು ಕೊಡುವ ಕ್ಲೋರೋಫಿಲ್‌ನ ಪಳೆಯುಳಿಕೆಯಂಥ ಅಣುಗಳು ಕಚ್ಚಾ ತೈಲದಲ್ಲಿ ಸಿಕ್ಕಿದ್ದವು.

ಆದರೆ ಆವರ್ತ ಕೋಷ್ಟಕದ ಮೆಂಡಲೀವ್ 1877ರಲ್ಲೇ ಬೇರೆ ವಾದ ಹೂಡಿದ್ದರು: ಭೂಮಿಯ ಆಳದಲ್ಲಿ ನೀರು, ಕಬ್ಬಿಣದ ಕಾರ್ಬೈಡ್ ಸೇರಿದರೆ ಸಾಕು, ಜೀವಿಗಳು ಬೇಕಿಲ್ಲ. ಎಣ್ಣೆ ಆಳದಿಂದಲೇ ಮೇಲೇರುತ್ತೆ ಅಂತ ಖಗೋಳ ವಿಜ್ಞಾನಿ ಥಾಮಸ್ ಗೋಲ್ಡ್ ಕೂಡ ನಂಬಿದ್ದರು. ಅವರ ಮಾತಿನ ಮೇಲೆ 1986ರಲ್ಲಿ ಸ್ವೀಡನ್ನಿನ ಸಿಲ್ಯಾನ್ ಉಲ್ಕಾ ಕುಳಿಯ ಗ್ರಾನೈಟ್ ಕೊರೆಯೋಕೆ ಶುರು ಮಾಡಿದರು. ಆರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದರೂ ಸಿಕ್ಕಿದ್ದು ಒಂದಿಷ್ಟು ಎಣ್ಣೆಮಿಶ್ರಿತ ರಾಡಿ. ಅದೂ ಕೊರೆಯುವಾಗ ಸುರಿದ ದ್ರವದ್ದೇ ಅಂತ ಟೀಕಾಕಾರರು ಹೇಳಿದರು. ಮಾರುವಷ್ಟು ಎಣ್ಣೆ ಬರಲೇ ಇಲ್ಲ.

ಸರಿ, ಗೋಲ್ಡ್ ಹೇಳಿದ್ದೇ ನಿಜ ಅಂದ್ಕೊಳ್ಳಿ. ಆಗಲೂ ಒಂದು ಪ್ರಶ್ನೆ ಉಳಿಯುತ್ತೆ: ಎಷ್ಟು ಬೇಗ ತುಂಬುತ್ತೆ? ಬೆಂಗಳೂರಿನವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಮಳೆ ಪ್ರತಿವರ್ಷ ಬರುತ್ತೆ, ಅಂತರ್ಜಲ ಮರುಪೂರಣವೂ ಆಗುತ್ತೆ. ಆದರೂ ಬೋರ್‌ವೆಲ್ ಬತ್ತುತ್ತೆ. ಯಾಕಂದ್ರೆ ಇಂಗೋದಕ್ಕಿಂತ ಎಳೆಯೋದು ಜಾಸ್ತಿ. ಜಗತ್ತು ದಿನಕ್ಕೆ ಸುಮಾರು 10 ಕೋಟಿ ಬ್ಯಾರೆಲ್ ತೈಲ ಬಳಸುತ್ತೆ. ಆ ವೇಗಕ್ಕೆ ತುಂಬಿಕೊಳ್ಳುವ ಬಾವಿಯನ್ನ ಯಾರೂ ತೋರಿಸಿಲ್ಲ.

ಹಾಗಂತ 'ನಾಳೆಯೇ ಮುಗೀತು' ಅನ್ನೋರೂ ಪೂರ್ತಿ ಸರಿಯಲ್ಲ. ಅಮೆರಿಕದ ಉತ್ಪಾದನೆ 1970ರ ಹೊತ್ತಿಗೆ ತುತ್ತತುದಿ ಮುಟ್ಟಿ ಇಳಿಯುತ್ತೆ ಅಂತ ಕಿಂಗ್ ಹಬರ್ಟ್ 1956ರಲ್ಲೇ ಹೇಳಿದ್ದರು, ಹಾಗೇ ಆಯ್ತು. ಆದರೆ ಶೇಲ್ ತೈಲ ಬಂದು 2018ರಲ್ಲಿ ಆ ದಾಖಲೆ ಮುರಿಯಿತು. ಹೊಸ ಎಣ್ಣೆ ಹುಟ್ಟಿದ್ದಲ್ಲ; ಬಿಗಿ ಕಲ್ಲಿನೊಳಗಿದ್ದ ಹಳೆಯದನ್ನೇ ಹೆಚ್ಚು ಖರ್ಚು ಮಾಡಿ ತೆಗೆದದ್ದು.

ಕಚ್ಚಾ ತೈಲದಲ್ಲಿ ಶೇ. 85ಕ್ಕೂ ಹೆಚ್ಚು ಆಮದು ಮಾಡಿಕೊಳ್ಳುವ ನಮಗೆ ಈ ಲೆಕ್ಕ ಜೇಬಿನದ್ದು. ಮಂಗಳೂರು, ಉಡುಪಿ ಹತ್ತಿರದ ಪಾದೂರಿನಲ್ಲಿ ಬಂಡೆಯೊಳಗೆ ಎಣ್ಣೆ ಇದೆ. ಆದರೆ ಭೂಮಿ ಕೊಟ್ಟದ್ದಲ್ಲ, ದುಡ್ಡು ಕೊಟ್ಟು ನಾವೇ ತುಂಬಿಸಿದ್ದು. ವಿಶಾಖಪಟ್ಟಣದ್ದೂ ಸೇರಿ ಪೂರ್ತಿ ತುಂಬಿದರೂ ದೇಶಕ್ಕೆ ಸಾಲೋದು ಸುಮಾರು ಒಂಬತ್ತೂವರೆ ದಿನ.